ಭೀಮರಾಜ್ ಆರಿಸಿದ ಟಿಪ್

ಬೇಲೂರು ತಾಲ್ಲೂಕು ಕಚೇರಿಯ ಸರ್ವೆಯರ್ ಭೀಮರಾಜನಿಗೆ ಮೂವತ್ತನಾಲ್ಕು ವರ್ಷ. ಅಣ್ಣತಮ್ಮಂದಿರು ಮಚ್ಚು ಹಿಡಿದು ಎದುರುಬದುರು ನಿಂತ ಹೊಲಗಳ ನಡುವೆ ಅಳತೆ ಮಾಡಿ, "ಕಲ್ಲು ಇಲ್ಲಿ ಬರುತ್ತೆ" ಎಂದು ತೋರಿಸಿ ಬಂದವನು. ಅಂಥವನಿಗೆ ಬಾಡಿಗೆ ಮನೆ ಕೇಳಲು ಹೋಗುವಾಗ ಮಾತ್ರ ಬಾಯಿ ಒಣಗುತ್ತಿತ್ತು.

ಅದಕ್ಕೆ ಕಾರಣವಿತ್ತು. ಮದುವೆಯಾದ ಮೂರು ವರ್ಷದಲ್ಲಿ ಅವನೂ ಹೆಂಡತಿ ಲತಾಮಣಿಯೂ ಎರಡು ಮನೆ ಬಿಟ್ಟಿದ್ದರು. ಹಾಸನದಲ್ಲಿದ್ದಾಗ ಮನೆಯೊಡತಿ ಒಂದು ದಿನ ಮೀಟರ್ ನೋಡುವ ನೆಪದಲ್ಲಿ ಒಳಗೆ ಬಂದಳು. ಗೋಡೆಯ ಮೇಲಿದ್ದ ಬುದ್ಧನ ಪಟವನ್ನೂ ಪಕ್ಕದ ಬಾಬಾಸಾಹೇಬರ ಪಟವನ್ನೂ ನೋಡಿದಳು. ಮೀಟರ್ ನೋಡದೆಯೇ ಇಳಿದು ಹೋದಳು. ವಾರ ಕಳೆಯುವುದರೊಳಗೆ "ನಮ್ಮ ಮೈದುನ ಬರ್ತಿದಾನೆ, ಮನೆ ಬೇಕು" ಎಂಬ ಮಾತು ಬಂತು. ಬೇಲೂರಿಗೆ ವರ್ಗವಾದ ಮೇಲೆ ಹಿಡಿದ ಮನೆಯಲ್ಲಿ ಆ ನೆಪವನ್ನೂ ಹೇಳಲಿಲ್ಲ. ನಲ್ಲಿಯಲ್ಲಿ ನೀರು ನಿಂತಿತು, ಅಷ್ಟೆ. ಹದಿನೈದು ದಿನ ಬೀದಿ ನಲ್ಲಿಯಿಂದ ನೀರು ಹೊತ್ತು ಸಾಕಾಗಿ ಅವರೇ ಬಿಟ್ಟರು.

ಮೂರನೆಯದು ಷಡಕ್ಷರಪ್ಪನವರ ಮಹಡಿ ಮನೆ. ಅದನ್ನು ನೋಡಲು ಹೋದಾಗ ಲತಾಮಣಿ ಎರಡು ತಿಂಗಳ ಬಸುರಿ. ಭೀಮರಾಜ ತನ್ನ ಹೆಸರನ್ನು "ರಾಜ್" ಎಂದಷ್ಟೇ ಹೇಳಿದ.

"ಯಾವೂರಾಯ್ತು?" ಷಡಕ್ಷರಪ್ಪ ಕೇಳಿದರು.

"ಅರಸೀಕೆರೆ ಕಡೆ ಸಾರ್. ಮಾಲೇಕಲ್ಲು ಹತ್ತಿರ."

"ಓಹೋ, ತಿಮ್ಮಪ್ಪನ ಒಕ್ಕಲು ಅನ್ನಿ."

ಭೀಮರಾಜ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಮುಗುಳ್ನಕ್ಕ. ಆ ನಗುವೇ ಉತ್ತರವಾಗಿ ಮನೆ ಸಿಕ್ಕಿತು. ಪಟಗಳೆರಡನ್ನೂ ಲತಾಮಣಿ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟಳು.

ಷಡಕ್ಷರಪ್ಪ ಬಿಕ್ಕೋಡಿನ ಹತ್ತಿರದ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ತೋಟದ ಬಂಗಲೆಯಲ್ಲಿ ಕೋಲಿನಿಂದ ಚೆಂಡು ಹೊಡೆದು ಆಡುವ ಒಂದು ಪೂಲ್ ಟೇಬಲ್ ಇತ್ತು. ತೋಟದ ದೊರೆ ಆಟಕ್ಕೆ ಜೊತೆ ಸಿಗದ ದಿನ ರೈಟರನ್ನು ಕರೆಯುತ್ತಿದ್ದ. ಹಾಗೆ ಹಿಡಿದ ಹುಚ್ಚು ಬಿಡಲಿಲ್ಲ. ಕೆಲಸ ಬಿಟ್ಟು ಬರುವಾಗ ದೊರೆ ತನ್ನದೇ ಒಂದು ಕ್ಯೂ ಕೋಲನ್ನು ಕೈಗಿತ್ತು ಕಳಿಸಿದ. ಊರಿಗೆ ಬಂದವರು ಮನೆಯ ಕೆಳಗಿನ ಹಾಲ್‌ನಲ್ಲಿ ಎರಡು ಟೇಬಲ್ ಹಾಕಿಸಿದರು. ಸಂಜೆ ಕಾಲೇಜು ಹುಡುಗರು ಬಂದು ಆಡುತ್ತಿದ್ದರು. ಬೆಳಿಗ್ಗೆ ಆರರಿಂದ ಏಳರವರೆಗೆ ಷಡಕ್ಷರಪ್ಪ ಒಬ್ಬರೇ ಆಡುತ್ತಿದ್ದರು. ಆ ಕೋಲನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಒಂದು ದಿನ ಹಾಲು ತರಲು ಇಳಿದ ಭೀಮರಾಜನನ್ನು ಅವರು ಒಳಗೆ ಕರೆದರು. "ಸರ್ವೆಯರ್ ಸಾಹೇಬ್ರೇ, ಈ ಕೆಂಪು ಚೆಂಡು ಆ ಮೂಲೆಗೆ ಹೋಗುತ್ತಾ, ಹೇಳಿ ನೋಡೋಣ." ಭೀಮರಾಜ ಒಂದು ಕಣ್ಣು ಮುಚ್ಚಿ ನೋಡಿ, ಚೆಂಡಿನ ಯಾವ ಮಗ್ಗುಲಿಗೆ ತಾಗಬೇಕೆಂದು ಬೆರಳಿಟ್ಟು ತೋರಿಸಿದ. ಹಾಗೇ ಹೋಯಿತು. ಅಂದಿನಿಂದ ಬೆಳಗಿನ ಆಟಕ್ಕೆ ಅವನೇ ಜೊತೆ. ಷಡಕ್ಷರಪ್ಪನವರ ಹೆಂಡತಿ ಗುರುಸಿದ್ದಮ್ಮ ಇಬ್ಬರಿಗೂ ಕಾಫಿ ತಂದಿಡುತ್ತಿದ್ದರು. ಮಧ್ಯಾಹ್ನ ಮಹಡಿಗೆ ಬಂದು ಲತಾಮಣಿಯ ಪಕ್ಕ ಕುಳಿತು, ಏನು ತಿಂದೆ, ಏನು ತಿನ್ನಬೇಕೆನಿಸುತ್ತೆ ಎಂದು ವಿಚಾರಿಸುತ್ತಿದ್ದರು. ಅವರು ಒಳ್ಳೆಯದಾಗಿ ನಡೆದುಕೊಂಡಷ್ಟೂ ಭೀಮರಾಜನ ಹೆದರಿಕೆ ಹೆಚ್ಚುತ್ತಿತ್ತು.

ಐದು ತಿಂಗಳು ಹಾಗೇ ಕಳೆಯಿತು.

ಹಾಸನದಲ್ಲಿ ಅರವತ್ತು ದಾಟಿದವರಿಗೊಂದು ಪಂದ್ಯ ಇದೆಯೆಂದು ಷಡಕ್ಷರಪ್ಪ ಹೆಸರು ಕೊಟ್ಟರು. ಅದಕ್ಕೆ ಇಪ್ಪತ್ತು ದಿನ ಇದ್ದಾಗ ಅವರ ಕೋಲಿನ ತುದಿಯ ಟಿಪ್ ಸವೆದು ಕಾಗದದಷ್ಟಾಯಿತು. ಚೆಂಡಿಗೆ ತಾಗುವುದು ಆ ಚರ್ಮದ ಬಿಲ್ಲೆಯೇ. ಅದು ಸರಿಯಿಲ್ಲದಿದ್ದರೆ ಕೋಲು ಎಂಥದಾದರೂ ಅಷ್ಟೆ. ಬೆಂಗಳೂರಿನಿಂದ ಹತ್ತು ಟಿಪ್‌ಗಳ ಒಂದು ಡಬ್ಬಿ ತರಿಸಿದರು. ಮೊದಲು ಅಂಟಿಸಿದ್ದು ಕಲ್ಲಿನ ಹಾಗಿತ್ತು. ಜಾರದಿರಲೆಂದು ತುದಿಗೆ ಉಜ್ಜುವ ಚಾಕ್ ಹಿಡಿಯಲಿಲ್ಲ. ಹೊಡೆದರೆ ಜಾರಿ, ಬಿಳಿ ಚೆಂಡು ಟೇಬಲ್ ಬಿಟ್ಟು ಹಾರಿ ಗೋಡೆಯ ಗಾರೆ ಕಿತ್ತಿತು. ಎರಡನೆಯದು ಮೆತ್ತಗಿತ್ತು. ಎರಡೇ ದಿನಕ್ಕೆ ಅಣಬೆಯ ಹಾಗೆ ಅಗಲಿಸಿಕೊಂಡು ಕೂತಿತು.

ಮೂರನೆಯ ದಿನ ಬೆಳಿಗ್ಗೆ ಷಡಕ್ಷರಪ್ಪ ಉಳಿದ ಎಂಟನ್ನೂ ಹಸಿರು ಬಟ್ಟೆಯ ಮೇಲೆ ಸಾಲಾಗಿಟ್ಟರು.

"ನನಗಂತೂ ತಲೆ ಓಡ್ತಿಲ್ಲ. ಎಲ್ಲಾ ಒಂದೇ ಥರ ಕಾಣ್ತವೆ. ನೀವೇ ಒಂದು ಆರಿಸಿ ಸಾಹೇಬ್ರೇ."

ಆಗ ನಡೆದದ್ದನ್ನು ಭೀಮರಾಜ ಆಮೇಲೆ ನೂರು ಸಲ ನೆನೆದ. ಅವನು ಯೋಚಿಸಲೇ ಇಲ್ಲ. ಒಂದೊಂದನ್ನೇ ಎತ್ತಿ ಅಂಚಿಗೆ ಉಗುರು ಒತ್ತಿದ. ಬಿದ್ದ ಗೆರೆ ಎಷ್ಟು ಹೊತ್ತಿಗೆ ಮಾಯುತ್ತದೆಂದು ನೋಡಿದ. ಕಿಟಕಿಯ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದ. ನಾಲಿಗೆಯಿಂದ ಬೆರಳು ಒದ್ದೆ ಮಾಡಿ ಬಿಲ್ಲೆಯ ಬೆನ್ನಿಗೆ ಹಚ್ಚಿ, ತೇವವನ್ನು ಬೇಗ ಕುಡಿಯುತ್ತದೆಯೋ ನಿಧಾನವಾಗಿಯೋ ಎಂದು ಕಾದ. ಐದನ್ನು ಪಕ್ಕಕ್ಕೆ ತಳ್ಳಿ, "ಇವು ಹೊಟ್ಟೆ ಚರ್ಮ, ಜಗ್ಗುತ್ತವೆ" ಎಂದ. ಎರಡನ್ನು ಬೇರೆ ಇಟ್ಟು, "ಇವನ್ನ ಜಾಸ್ತಿ ಅದುಮಿದಾರೆ, ಜೀವ ಇಲ್ಲ" ಎಂದ. ಕೊನೆಗೆ ಉಳಿದದ್ದು ಒಂದು. "ಇದು ಬೆನ್ನಿಂದು. ಇದನ್ನ ಹಾಕಿ."

"ನೀವೇ ಹಾಕ್ಕೊಡಿ" ಎಂದು ಷಡಕ್ಷರಪ್ಪ ಕೋಲನ್ನೂ ಬ್ಲೇಡು ಕೂರಿಸಿದ ಚಾಕುವನ್ನೂ ಅವನ ಕೈಗೆ ಕೊಟ್ಟರು.

ಭೀಮರಾಜ ನೆಲದ ಮೇಲೆ ಕುಳಿತ. ಹಳೆಯದನ್ನು ಕೆರೆದು ತೆಗೆದ. ಅಂಟು ಹಚ್ಚಿ ಹೊಸದನ್ನು ಒತ್ತಿ ಹಿಡಿದ. ಅದು ಕಚ್ಚಿಕೊಂಡ ಮೇಲೆ, ಕೋಲು ಅಲುಗಾಡದಂತೆ ಬಲಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು, ಚಾಕುವನ್ನು ತನ್ನ ಕಡೆಗೆ ಎಳೆಯುತ್ತಾ ಸುತ್ತಲಿನ ಹೆಚ್ಚಿನ ಚರ್ಮ ಹೆರೆದ. ನೂಲಿನಂಥ ಸಿಪ್ಪೆಗಳು ಸುರುಳಿಯಾಗಿ ಬಿದ್ದವು. ಉಗುಳು ಹಚ್ಚಿ, ಅಂಗಿಯ ತುದಿಯಿಂದ ಉಜ್ಜಿ ಹೊಳಪು ತಂದ. ತಲೆಯೆತ್ತಿದಾಗ ಷಡಕ್ಷರಪ್ಪ ಟಿಪ್ ನೋಡುತ್ತಿರಲಿಲ್ಲ. ಅವನ ಕಾಲ್ಬೆರಳನ್ನು ನೋಡುತ್ತಿದ್ದರು.

"ಎಲ್ಲಿ ಕಲಿತ್ರಿ ಇದನ್ನ?"

"ಯೂಟ್ಯೂಬ್ ನೋಡಿ ಸಾರ್."

"ಹೊಟ್ಟೆ ಚರ್ಮ, ಬೆನ್ನಿನ ಚರ್ಮ ಅಂತ ಯೂಟ್ಯೂಬಲ್ಲಿ ಹೇಳ್ಕೊಡ್ತಾರಾ?" ಎಂದು ಅವರು ಕೋಲನ್ನು ತೆಗೆದುಕೊಂಡು ಟೇಬಲಿನತ್ತ ತಿರುಗಿದರು. ಚಾಕ್ ಹಚ್ಚಿ ಬಿಳಿ ಚೆಂಡಿಗೆ ಹೊಡೆದರು. ಚೆಂಡು ಹೋಗಿ ಕೆಂಪಿಗೆ ತಾಗಿ, ಬೇಕೆಂದಲ್ಲಿ ನಿಂತಿತು.

ಭೀಮರಾಜ ನೆಲದ ಮೇಲಿನ ಸಿಪ್ಪೆಗಳನ್ನೆಲ್ಲ ಆಯ್ದು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ.

ಅವನಿಗೆ ಅದನ್ನು ಕಲಿಸಿದವನು ಅಜ್ಜ ಗಿಡ್ಡಯ್ಯ. ಎತ್ತಿನ ಗಾಡಿಯ ಚರ್ಮದ ಹಗ್ಗ ಮಿಣಿ, ಬಾರುಕೋಲಿನ ಬಾರು, ಊರವರ ಮೆಟ್ಟು, ಎಲ್ಲ ಅವನ ಕೈಯವೇ. ಬೇಸಿಗೆ ರಜೆಯಲ್ಲಿ ಭೀಮರಾಜ ಅಜ್ಜನ ಎದುರು ಕುಳಿತು, ತುಂಡು ಚರ್ಮ ಕೈಗೆ ಕೊಟ್ಟರೆ ಬೆನ್ನಿನದೋ ಹೊಟ್ಟೆಯದೋ ಕತ್ತಿನದೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಒಂದು ದಿನ ಅದನ್ನು ಕಂಡು, ಚಾಕು ಕಿತ್ತು ಬಾವಿಗೆಸೆದು, ಮಗನ ಕೈಯನ್ನು ಸೋಪು ಹಾಕಿ ಉಜ್ಜಿದ್ದ. "ಈ ವಾಸನೆ ನಿನ್ನ ಕೈಗೆ ಹತ್ತಬಾರದು ಕಣೋ" ಎಂದು ಉಜ್ಜುತ್ತಾ ಅಳುತ್ತಿದ್ದ.

ಆ ದಿನ ಕಚೇರಿಯಲ್ಲಿ ಭೀಮರಾಜ ಹಳೇಬೀಡು ಹೋಬಳಿಯ ಒಂದು ನಕ್ಷೆಯಲ್ಲಿ ಎರಡು ಸರ್ವೆ ನಂಬರು ಅದಲುಬದಲು ಬರೆದ. ಸಂಜೆ ಮನೆಗೆ ಬಂದವನು ಮೊದಲು ನಲ್ಲಿ ತಿರುಗಿಸಿದ. ನೀರು ಬಂತು. ಆದರೂ ಎರಡು ಬಕೆಟ್, ಎರಡು ಕೊಡ, ಅಡುಗೆಮನೆಯ ಪಾತ್ರೆಗಳೆಲ್ಲವನ್ನೂ ತುಂಬಿಸಿಟ್ಟ. ಲತಾಮಣಿ ನೋಡುತ್ತಾ ನಿಂತಿದ್ದಳು.

"ಗೊತ್ತಾಯ್ತಾ ಅವರಿಗೆ?"

"ಗೊತ್ತಿಲ್ಲ. ಇರಬೌದು."

ಮಾರನೆಯ ದಿನವೂ ಬೆಳಗಿನ ಆಟ ನಡೆಯಿತು. ಷಡಕ್ಷರಪ್ಪ ಟಿಪ್ ಚೆನ್ನಾಗಿದೆ ಎಂದರು. ಕಾಫಿಯೂ ಬಂತು. ಆದರೆ ಭೀಮರಾಜನಿಗೆ ಲೋಟದ ಮೇಲೆಯೇ ಕಣ್ಣು. ದಿನಾ ಬರುತ್ತಿದ್ದದ್ದು ಸ್ಟೀಲ್ ಲೋಟ. ಅಂದು ಗಾಜಿನದು. ಷಡಕ್ಷರಪ್ಪನವರಿಗೂ ಗಾಜಿನದೇ ಬಂದಿದೆ ಎಂದು ಕಂಡ ಮೇಲೆ ಉಸಿರು ಬಿಟ್ಟ. ಆಡುವಾಗ ಸುಲಭದ ಮೂರು ಚೆಂಡು ತಪ್ಪಿಸಿದ. ಹೀಗೆ ದಿನವೂ ಯಾವುದೋ ಒಂದು. ಗುರುಸಿದ್ದಮ್ಮ ಒಂದು ಮಧ್ಯಾಹ್ನ ಮಹಡಿಗೆ ಬರಲಿಲ್ಲವೆಂದರೆ ಲತಾಮಣಿ ಅವನ ಕಚೇರಿಗೆ ಫೋನ್ ಮಾಡಿ ಹೇಳುತ್ತಿದ್ದಳು. ಗೇಟಿನ ಸದ್ದಾದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಶುಕ್ರವಾರ ಸಂಜೆ ಭೀಮರಾಜ ಬೂಟು ಬಿಚ್ಚುತ್ತಾ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಕೆಳಗೆ ಅಂಗಳದಲ್ಲಿ ಷಡಕ್ಷರಪ್ಪ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು.

"ಅರಸೀಕೆರೆ ತಾಲ್ಲೂಕೇ. ಮಾಲೇಕಲ್ಲು ಹತ್ರ... ಹೂಂ, ಸರ್ವೆ ಡಿಪಾರ್ಟ್‌ಮೆಂಟು... ನೀನು ವಿಚಾರಿಸಿ ಹೇಳು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಒಂದು ಬೂಟು ಕೈಯಲ್ಲಿ, ಒಂದು ಕಾಲಲ್ಲಿ. ಭೀಮರಾಜ ಸದ್ದಾಗದಂತೆ ಹಾಗೇ ಮೇಲೆ ಹೋಗಿ ಬಾಗಿಲು ಹಾಕಿಕೊಂಡ. ಲತಾಮಣಿಗೆ ಆಗಲೇ ಏಳು ತಿಂಗಳು. ಈ ಸ್ಥಿತಿಯಲ್ಲಿ ಅವಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು, ಯಾರ ಬಾಗಿಲು ತಟ್ಟುವುದು? ಆಗ ಅವನಿಗೆ ಇನ್ನೊಂದು ನೆನಪಾಯಿತು. ಭಾನುವಾರ ಅವ್ವ ಬರುವವಳಿದ್ದಳು. ಸೊಸೆಗೆ ಬಳೆ ತೊಡಿಸಲು ಹಸಿರು ಬಳೆ, ಮಡಿಲಕ್ಕಿ ಎಲ್ಲ ಹೊಂದಿಸಿಟ್ಟುಕೊಂಡು ಕಾಯುತ್ತಿದ್ದಳು. ಅವ್ವ ಚಲುವಮ್ಮನಿಗೆ ಮುಚ್ಚಿಡುವುದು ಗೊತ್ತಿಲ್ಲ.

ಅವನು ಫೋನ್ ಮಾಡಿದ.

"ಅವ್ವಾ, ಭಾನುವಾರ ಬರಬ್ಯಾಡ. ಆಮೇಲೆ ನೋಡಾನ."

"ಯಾಕಪ್ಪಾ? ಲತಾ ಹುಷಾರಾಗವ್ಳಾ?"

"ಹುಷಾರಾಗವ್ಳೆ. ಮನೆ ಓನರು ಕೆಳಗಡೇನೇ ಅವ್ರೆ. ಅವ್ರು..."

ಅವ್ವ ಅವನಿಗೆ ಮಾತು ಮುಗಿಸಲು ಬಿಡಲಿಲ್ಲ.

"ತಿಳೀತು ಬುಡು" ಎಂದಳು ಚಲುವಮ್ಮ. "ನಾನು ಬಂದು ಏನಾರ ಒಂದು ಮಾತಾಡ್ಬುಟ್ರೆ ನಿಮಗೆ ತೊಂದ್ರೆ. ಬಳೆ ಬಸ್ಸಲ್ಲಿ ಕೊಟ್ಟು ಕಳಿಸ್ಲಾ?"

ಭೀಮರಾಜ ಫೋನ್ ಇಟ್ಟು ತಿರುಗಿದರೆ ಲತಾಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅತ್ತೇನ ಬರ್ಬೇಡ ಅಂದ್ರಾ?"

ಅವನು ತಲೆ ತಗ್ಗಿಸಿದ.

"ನಾಳೆ ಮಗು ಹುಟ್ಟುತ್ತೆ. ಅದಕ್ಕೂ ಯಾರ ಹತ್ರಾನೂ ಮಾತಾಡ್ಬೇಡ ಅಂತ ಹೇಳ್ಕೊಡ್ತೀರಾ? ನನಗೂ ಭಯ ಆಗುತ್ತೆ ಕಣ್ರೀ. ಆದ್ರೆ ಅತ್ತೇನ ಬಾಗಿಲಾಚೆ ನಿಲ್ಲಿಸೋಷ್ಟು ಭಯ ನನಗೆ ಬೇಡ."

ಅಂದು ರಾತ್ರಿ ಭೀಮರಾಜ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ. ಬಳೆ ಬಸ್ಸಲ್ಲಿ ಕಳಿಸ್ಲಾ ಎಂದು ಕೇಳಿದ ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಆರಕ್ಕೆ ಅವನು ಕೆಳಗಿಳಿದಾಗ ಹಾಲ್‌ನ ಟ್ಯೂಬ್‌ಲೈಟ್ ಹತ್ತಿತ್ತು, ಟೇಬಲ್ ಮೇಲೆ ಚೆಂಡುಗಳಿರಲಿಲ್ಲ. ಷಡಕ್ಷರಪ್ಪ ಬೆಂಚಿನ ಮೇಲೆ ಕುಳಿತಿದ್ದರು. ಅವನು ಒಳಗೆ ಬಂದ ಮೇಲೆ ಎದ್ದು ಬಾಗಿಲು ಮುಚ್ಚಿದರು. ಚಿಲಕದ ಸದ್ದಿಗೆ ಭೀಮರಾಜ ತಿರುಗಿ ನೋಡಿದ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪೂರ್ತಿ ಹೆಸರೇನು?"

ಇನ್ನೊಂದು ಸುಳ್ಳು ಬಾಯಿಯವರೆಗೂ ಬಂದಿತ್ತು. ರಾಜಶೇಖರ್ ಎನ್ನಬಹುದಿತ್ತು. ಅವನು ಟೇಬಲಿನ ಅಂಚು ಹಿಡಿದ.

"ಭೀಮರಾಜ್ ಸಾರ್. ನಮ್ಮಜ್ಜ ಗಿಡ್ಡಯ್ಯ. ಚರ್ಮದ ಕೆಲಸ ಮಾಡ್ತಿದ್ರು. ಊರಾಚೆ ಹಟ್ಟಿಲಿದೀವಿ. ಮನೆ ಕೇಳೋಕೆ ಬಂದಾಗ ಹೇಳಿದ್ರೆ ನೀವು ಕೊಡ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ. ನಿಮ್ಮ ಟಿಪ್ ಆರಿಸಿದ್ದು ಅಜ್ಜ ಹೇಳ್ಕೊಟ್ಟ ಹಾಗೇನೆ."

ಷಡಕ್ಷರಪ್ಪ ಗೋಡೆಗೆ ಒರಗಿಸಿದ್ದ ತಮ್ಮ ಕೋಲನ್ನು ನೋಡಿದರು. ಈಗ ಅದನ್ನೆತ್ತಿ ಟಿಪ್ ಕಿತ್ತು ಹಾಕುತ್ತಾರೆ ಎಂದುಕೊಂಡ ಭೀಮರಾಜ. ಅವರು ಕೀಳಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡರು.

"ನಾನು ಅಂಥೋನಲ್ಲ ಕಣ್ರೀ. ತೋಟದಲ್ಲಿ ಎಲ್ಲಾರ ಜೊತೇನೂ ಇದ್ದೋನು. ಆದ್ರೆ ಗುರುಸಿದ್ದಿಗೆ ಮಡಿ ಜಾಸ್ತಿ. ಮಗಳ ಗಂಡನ ಮನೆಯೋರು ಹಬ್ಬಕ್ಕೆ ಬರ್ತಾರೆ. ಅವರ ಕಿವಿಗೆ ಬಿದ್ರೆ ನನ್ನ ಮಗಳನ್ನ ಮಾತಲ್ಲೇ ಕುಕ್ಕಿ ತಿಂತಾರೆ." ದನಿ ತಗ್ಗಿಸಿದರು. "ನೀವು ಇರಿ. ಹೋಗಿ ಅನ್ನಲ್ಲ. ಆದ್ರೆ ಯಾರಿಗೂ ಹೇಳ್ಬೇಡಿ. ರಾಜ್ ಅಂತ್ಲೇ ಇದ್ದುಬಿಡಿ."

ನಿನ್ನೆಯಾಗಿದ್ದರೆ ಭೀಮರಾಜ ಅವರ ಕಾಲು ಹಿಡಿಯುತ್ತಿದ್ದನೇನೋ. ಅವನು ಬಯಸಿದ್ದು ಇಷ್ಟನ್ನೇ. ಆದರೆ ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಬಂದಾಗ ಅವನು ಟೇಬಲಿನ ಅಂಚು ಬಿಟ್ಟು ನೆಟ್ಟಗೆ ನಿಂತ.

"ನಾನಾಗಿ ಊರಿಗೆಲ್ಲ ಹೇಳ್ಕೊಂಡು ಹೋಗಲ್ಲ ಸಾರ್" ಎಂದ. "ಆದ್ರೆ ಕೇಳಿದೋರಿಗೆ ಸುಳ್ಳು ಹೇಳಲ್ಲ. ನಾಳೆ ನಮ್ಮವ್ವ ಬರ್ತಾರೆ."

ಮೇಲೆ ಹೋಗಿ ಅವ್ವನಿಗೆ ಫೋನ್ ಮಾಡಿದ. "ಬಾರವ್ವಾ" ಎನ್ನುವಷ್ಟರಲ್ಲಿ ಅತ್ತುಬಿಟ್ಟ. "ಬತ್ತೀನಿ, ಬತ್ತೀನಿ. ಅಳಬ್ಯಾಡ್ಲಾ ಮಗ" ಎಂದಳು ಚಲುವಮ್ಮ.

ಭಾನುವಾರ ಹನ್ನೊಂದಕ್ಕೆ ಅವ್ವ ಬಸ್ಸಿಳಿದು ಆಟೋದಲ್ಲಿ ಬಂದಳು. ಲತಾಮಣಿ ವಾರದ ಹಿಂದೆಯೇ ಗುರುಸಿದ್ದಮ್ಮನನ್ನು ಕರೆದಿದ್ದಳು, ಅವರೂ ಬಂದರು. ಷಡಕ್ಷರಪ್ಪ ಹೆಂಡತಿಗೆ ಏನೂ ಹೇಳಿರಲಿಲ್ಲ ಎಂಬುದು ಅವರ ನಗುಮುಖದಿಂದಲೇ ತಿಳಿಯುತ್ತಿತ್ತು. ಗುರುಸಿದ್ದಮ್ಮ ಚಾಪೆಯ ಮೇಲೆ ಕುಳಿತು ಲತಾಮಣಿಯ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಮೊದಲ ಹಸಿರು ಬಳೆಯನ್ನು ಬೆರಳುಗಳ ಮೇಲೆ ಏರಿಸುತ್ತಾ ಚಲುವಮ್ಮನತ್ತ ತಿರುಗಿದರು.

"ನಿಮ್ಮದು ಯಾವ ಪೈಕಿ ಆಯ್ತು?"

ಚಲುವಮ್ಮ ಮಗನ ಮುಖ ನೋಡಿದಳು. ಅವನು ಹೂಂ ಎನ್ನುವಂತೆ ತಲೆಯಾಡಿಸಿದ.

"ನಾವು ಹಟ್ಟಿಯೋರು ಕಣ್ರವ್ವಾ."

ಗುರುಸಿದ್ದಮ್ಮನ ಕೈ ನಿಂತಿತು. ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತ್ತು. ಲತಾಮಣಿ ಕೈ ಹಿಂದಕ್ಕೆಳೆಯಲಿಲ್ಲ. ಆಮೇಲೆ ಗುರುಸಿದ್ದಮ್ಮ ಆ ಬಳೆಯನ್ನು ಮೆಲ್ಲಗೆ ಒತ್ತಿ ಮಣಿಕಟ್ಟಿಗೆ ಇಳಿಸಿದರು. ಎರಡನೆಯದನ್ನೂ ತೊಡಿಸಿದರು. ಎದ್ದು ನಿಂತು, "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು, ಊಟಕ್ಕೆ ನಿಲ್ಲದೆ ಇಳಿದು ಹೋದರು.

ಕೆಳಗೆ ಬಾಗಿಲು ಹಾಕಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಗಂಡಹೆಂಡಿರ ದನಿ ಏರಿತು. ಮಾತು ತಿಳಿಯಲಿಲ್ಲ. ಉಳಿದ ಬಳೆಗಳನ್ನು ಚಲುವಮ್ಮ ತೊಡಿಸಿದಳು. ಬಡಿಸಿಟ್ಟ ಪಾಯಸವನ್ನು ಯಾರೂ ಮುಟ್ಟಲಿಲ್ಲ.

ಮುಂದಿನ ಮೂರು ದಿನ ಹೆದರಿದಷ್ಟು ಜನ್ಮದಲ್ಲೇ ಹೆದರಿಲ್ಲ ಎಂದು ಲತಾಮಣಿ ಈಗಲೂ ಹೇಳುತ್ತಾಳೆ. ಸೋಮವಾರ ಬೆಳಿಗ್ಗೆ ಆಟಕ್ಕೆ ಕರೆ ಬರಲಿಲ್ಲ. ಅಂದೇ ನೀರೂ ನಿಂತಿತು. ಭೀಮರಾಜ ರಜೆ ಹಾಕಿ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ. ಮಂಗಳವಾರವೂ ನೀರಿಲ್ಲ. ಬುಧವಾರ ಬೆಳಿಗ್ಗೆ ಅವನು ಕೊಡ ಹಿಡಿದು ಬೀದಿಗೆ ಹೊರಟಿದ್ದ. ಗುರುಸಿದ್ದಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡದೆಯೇ ಗಟ್ಟಿಯಾಗಿ ಹೇಳಿದರು:

"ಮೋಟ್ರು ಸುಟ್ಟೋಗಿತ್ತು. ರಿಪೇರಿ ಮಾಡ್ಸಿ ಈಗ ಹಾಕಿದೀನಿ. ತುಂಬಿಸ್ಕೊಳ್ಳಮ್ಮಾ ಲತಾ."

ಲತಾಮಣಿ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತು ಬಿಕ್ಕಿದಳು. ಮೋಟರು ನಿಜಕ್ಕೂ ಸುಟ್ಟಿತ್ತೋ ಇಲ್ಲವೋ ಅವರು ಇಂದಿಗೂ ಕೇಳಿಲ್ಲ.

ಮನೆ ಬಿಡಿ ಎಂದು ಯಾರೂ ಹೇಳಲಿಲ್ಲ. ಆದರೆ ಗುರುಸಿದ್ದಮ್ಮ ಮಹಡಿಗೆ ಬರುವುದನ್ನು ನಿಲ್ಲಿಸಿದರು. ಬೆಳಗಿನ ಕಾಫಿಯೂ ನಿಂತಿತು. ಷಡಕ್ಷರಪ್ಪ ಹಾಸನಕ್ಕೆ ಹೋಗಿ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತು ಬಂದರು. ಪಂದ್ಯ ಮುಗಿದ ವಾರಕ್ಕೆ ಮೆಟ್ಟಿಲ ಬುಡದಲ್ಲಿ ನಿಂತು, "ಆಟಕ್ಕೆ ಬರಲ್ವಾ?" ಎಂದು ಕೇಳಿದರು. ಭೀಮರಾಜ ಇಳಿದು ಹೋದ.

ಹೆಣ್ಣು ಮಗು ಹುಟ್ಟಿ ಮೂರು ತಿಂಗಳಾದ ಮೇಲೆ ಟಿಪ್ ಮತ್ತೆ ಸವೆಯಿತು. ಷಡಕ್ಷರಪ್ಪ ಕೋಲನ್ನೂ ಹೊಸ ಡಬ್ಬಿಯನ್ನೂ ತಂದು ಟೇಬಲಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ತಗೊಳ್ಳಿ" ಎಂದರು.

ಭೀಮರಾಜ ಕೈಚಾಚಿ ನಿಂತ.

"ಕೈಗೆ ಕೊಡಿ ಸಾರ್."

ಷಡಕ್ಷರಪ್ಪ ಅವನನ್ನು ನೋಡಿದರು. ಮುಖ ಕೆಂಪಾಯಿತು. ಮುಂದೆ ಬಂದು ಕೋಲನ್ನೆತ್ತಿ ಅವನ ಅಂಗೈ ಮೇಲಿಟ್ಟರು.

ಭೀಮರಾಜ ನೆಲದ ಮೇಲೆ ಕುಳಿತು ಡಬ್ಬಿ ತೆರೆದ. "ಈ ಸಲ ಸ್ವಲ್ಪ ಮೆತ್ತಂದು ಹಾಕೋಣ. ನೀವು ಇತ್ತೀಚೆಗೆ ನಿಧಾನ ಹೊಡೀತೀರಿ."

"ಹಾಕಿ. ನಿಮಗೇ ಗೊತ್ತಲ್ಲ" ಎಂದರು ಅವರು.

ಹೆದರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಹಬ್ಬಕ್ಕೆ ಷಡಕ್ಷರಪ್ಪನವರ ಮಗಳ ಮನೆಯವರು ಬಂದಾಗ ಮಹಡಿಯಲ್ಲಿ ಮಗು ಅತ್ತರೂ ಲತಾಮಣಿ ಕಿಟಕಿ ಮುಚ್ಚುತ್ತಾಳೆ. ಆಮೇಲೆ ತನ್ನ ಮೇಲೆ ತಾನೇ ಸಿಟ್ಟಾಗಿ ತೆರೆಯುತ್ತಾಳೆ. ಚಲುವಮ್ಮ ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾಳೆ. ಅಂಗಳದಲ್ಲಿ ಗುರುಸಿದ್ದಮ್ಮ ಎದುರಾದರೆ ಇಬ್ಬರೂ ಮಗುವಿನ ಭೇದಿಯ ಬಗ್ಗೆ, ಸೊಪ್ಪಿನ ರೇಟಿನ ಬಗ್ಗೆ ನಿಂತೇ ಮಾತಾಡುತ್ತಾರೆ.